ನಿವೃತ್ತರ ಡೇರೆವಾಸ: ಘಟ್ಟದಿಂದ ಕಡಲಿಗೆ ಹೋಗಿ ಸುಕ್ಷೇಮವಾಗಿ ಮನೆಗೆ ಮರಳುವ ಕ್ರಮ

ಉತ್ತರ ಕನ್ನಡದ ಬಹಳಷ್ಟು ಜನ ಯಾಣದ ಬಂಡೆ, ಉಂಚಳ್ಳಿಯ ಜಲಪಾತ, ದೇವಬಾಗದ ಮರಳದಂಡೆಗಳಿಂದ ಒಂದೆರಡು ತಾಸಿನ ದೂರದಲ್ಲೇ ನೌಕರಿಯ ಕಾಲವನ್ನೆಲ್ಲ ಕಳೆದಿರುತ್ತಾರೆ. ಆದರೆ ಅಲ್ಲಿಗೆ ಹೋದದ್ದು ಹೆಚ್ಚಾಗಿ ನೆಂಟರನ್ನು ಕರೆದುಕೊಂಡು, ಮಧ್ಯಾಹ್ನದ ಬಿಸಿಲಿನಲ್ಲಿ, ಸಂಜೆಯ ಬಸ್ಸಿನ ಚಿಂತೆಯೊಡನೆ. ಆ ಜಾಗಗಳ ಸಂಜೆ, ರಾತ್ರಿ ಮತ್ತು ನಸುಕನ್ನು ಕಾಣುವ ಬಿಡುವು ನಿವೃತ್ತಿಯ ಅನಂತರವೇ ಸಿಗುತ್ತದೆ. ಶನಿವಾರ, ಭಾನುವಾರಗಳ ಗದ್ದಲವನ್ನು ಬಿಟ್ಟು ಮಂಗಳವಾರವೋ ಬುಧವಾರವೋ ಹೋಗಬಲ್ಲ ಸ್ವಾತಂತ್ರ್ಯ ಬೇರೆ ಯಾವ ವಯಸ್ಸಿನವರಿಗೂ ಇಷ್ಟು ಸುಲಭವಾಗಿ ಒದಗದು. ಹಾಗಾಗಿ ಅರವತ್ತು ದಾಟಿದವರು ಡೇರೆ ಹೊತ್ತು ಹೊರಡಬೇಕೆಂದೇ ನಾನು ಒತ್ತಾಯಿಸುತ್ತೇನೆ. ಆದರೆ ಈ ವಯಸ್ಸಿನ ಪ್ರವಾಸವನ್ನು ಯೋಜಿಸುವ ಕ್ರಮವೇ ಬೇರೆ: ಎಲ್ಲಿಗೆ ಹೋಗಬೇಕು ಎಂಬುದಕ್ಕಿಂತ ಮೊದಲು ಹೇಗೆ ಮರಳಬೇಕು ಎಂಬುದನ್ನು ತೀರ್ಮಾನಿಸಬೇಕು. ಇಪ್ಪತ್ತೈದರ ದೇಹ ದಣಿದ ಮೇಲೂ ಮನೆ ಮುಟ್ಟುತ್ತದೆ. ಅರವತ್ತೈದರ ದೇಹಕ್ಕೆ ಮನೆ ಮುಟ್ಟುವ ಕಸುವನ್ನು ಮೊದಲೇ ಎತ್ತಿಡಬೇಕಾಗುತ್ತದೆ.

ಮೊದಲ ಹೆಜ್ಜೆ: ಮರಳುವ ದಿನವನ್ನು ಗೊತ್ತುಮಾಡುವುದು

ಕಾಗದದ ಮೇಲೆ ಮೊದಲು ಬರೆಯಬೇಕಾದದ್ದು ಮನೆಗೆ ಮರಳುವ ದಿನ ಮತ್ತು ಹೊತ್ತು. ಆ ಹೊತ್ತು ಮಧ್ಯಾಹ್ನದ ಊಟದ ಆಸುಪಾಸಿನಲ್ಲಿರಲಿ. ಶಿರಸಿ, ಯಲ್ಲಾಪುರ, ಸಿದ್ದಾಪುರಗಳವರಿಗೆ ಕಡಲಿನಿಂದ ಮನೆಗೆ ಬರಲು ಘಟ್ಟ ಹತ್ತಲೇಬೇಕು, ಕರಾವಳಿಯವರಿಗೆ ಇಳಿಯಲೇಬೇಕು. ದೇವಿಮನೆ, ಅರಬೈಲು, ಅಣಶಿ, ಈ ಮೂರು ಘಟ್ಟಗಳಲ್ಲಿ ಯಾವುದನ್ನೂ ಕತ್ತಲಾದ ಮೇಲೆ, ಡೇರೆಯಲ್ಲಿ ಅರೆನಿದ್ದೆ ಮಾಡಿದ ಮರುದಿನ ದಾಟುವ ಯೋಜನೆ ಹಾಕಬಾರದು. ಆದ್ದರಿಂದ ದೂರದ ಜಾಗಕ್ಕೆ ಮೊದಲು ಹೋಗಿ, ದಿನದಿನಕ್ಕೆ ಮನೆಯ ಕಡೆಗೆ ಸರಿಯುತ್ತ ಬರುವುದು ಒಳ್ಳೆಯ ಕ್ರಮ. ಕೊನೆಯ ರಾತ್ರಿಯ ತಂಗುದಾಣದಿಂದ ಮನೆಗೆ ಎರಡು ತಾಸಿಗಿಂತ ಹೆಚ್ಚಿನ ದಾರಿ ಉಳಿದಿರಬಾರದು. ಅದರ ಜೊತೆಗೆ ಒಂದು ಬಿಡಿ ದಿನವನ್ನು ಕೈಯಲ್ಲಿ ಇಟ್ಟುಕೊಳ್ಳಿ. ಮಂಡಿ ನೋವು, ಹೊಟ್ಟೆಯ ತೊಂದರೆ ಅಥವಾ ರಸ್ತೆ ಬಂದ್ ಆದರೆ ಅದು ಉಪಯೋಗಕ್ಕೆ ಬರುತ್ತದೆ. ಏನೂ ಆಗದಿದ್ದರೆ ಕಡಲ ದಂಡೆಯಲ್ಲಿ ಕುರ್ಚಿ ಹಾಕಿ ಕುಳಿತುಕೊಳ್ಳಲು ಅದೇ ದಿನ ಸಾಕು.

ಇದೇ ಕಾಗದದ ಇನ್ನೊಂದು ಪ್ರತಿಯಲ್ಲಿ ಪ್ರತಿ ರಾತ್ರಿ ತಂಗುವ ಊರು, ಅಲ್ಲಿಯ ಮನೆಯವರ ಅಥವಾ ಶಿಬಿರದವರ ದೂರವಾಣಿ ಸಂಖ್ಯೆ, ವಾಹನದ ಸಂಖ್ಯೆ ಮತ್ತು ನೀವು ಸೇವಿಸುವ ಔಷಧಗಳ ಹೆಸರನ್ನು ಬರೆದು ಮಗನಿಗೋ ಮಗಳಿಗೋ ನೆರೆಮನೆಯವರಿಗೋ ಕೊಡಿ. ನಮ್ಮ ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ತಾಸುಗಟ್ಟಲೆ ಇರುವುದಿಲ್ಲ. ಅದಕ್ಕೆ ದಿನಕ್ಕೆ ಒಂದು ಹೊತ್ತನ್ನು, ಉದಾಹರಣೆಗೆ ಬೆಳಗಿನ ಹತ್ತು ಗಂಟೆಯನ್ನು ನಿಗದಿಮಾಡಿ, ಆ ಹೊತ್ತಿಗೆ ಸಿಗ್ನಲ್ ಇರುವಲ್ಲಿಗೆ ಬಂದು ಕರೆ ಮಾಡುವುದಾಗಿ ಹೇಳಿಡಿ. ಮರುದಿನದ ಹತ್ತು ಗಂಟೆಗೂ ಕರೆ ಬಾರದಿದ್ದರೆ ಯಾರನ್ನು ವಿಚಾರಿಸಬೇಕು ಎಂಬುದೂ ಅವರಿಗೆ ಗೊತ್ತಿರಲಿ. ಒಂಟಿಯಾಗಿ ಹೋಗುವ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಕನಿಷ್ಠ ಇಬ್ಬರು ಇರಬೇಕು, ಅವರಲ್ಲಿ ಇಬ್ಬರಿಗೂ ವಾಹನ ಓಡಿಸಲು ಬಂದರೆ ಬಹಳ ಒಳ್ಳೆಯದು.

ನವೆಂಬರ್‌ನಲ್ಲಿ ಹೊರಡುವ ಪಿಂಚಣಿದಾರರು ಬ್ಯಾಂಕಿಗೆ ಜೀವಿತ ಪ್ರಮಾಣಪತ್ರ ಸಲ್ಲಿಸುವ ಕೆಲಸವನ್ನು ಮುಗಿಸಿಯೇ ಹೊರಡಲಿ. ಅದೊಂದು ಚಿಂತೆ ಕಾಡಿನಲ್ಲಿ ಬೇಡ.

ಎರಡನೆಯ ಹೆಜ್ಜೆ: ಕಾಲ ಮತ್ತು ಅನುಮತಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಡೇರೆಯ ಮಾತು ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಅದರ ಬದಿಯಲ್ಲಿದ್ದವರನ್ನೂ ಗಂಗಾವಳಿಯ ಪಾಲುಮಾಡಿದ್ದನ್ನು ಈ ಭಾಗದ ಯಾರೂ ಮರೆಯಲಾರರು. ಮಳೆಯಲ್ಲಿ ನೆನೆದ ಗುಡ್ಡದ ಬುಡದಲ್ಲಿ ವಾಹನ ನಿಲ್ಲಿಸುವುದೂ ಅಪಾಯ. ಅಕ್ಟೋಬರ್ ಮತ್ತು ನವೆಂಬರ್ ಮೊದಲ ಭಾಗದಲ್ಲಿ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಏಳುವ ಸಂಭವವಿರುತ್ತದೆ. ಹವಾಮಾನ ಇಲಾಖೆ ಜಿಲ್ಲಾವಾರು ಕೊಡುವ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಹೊರಡುವ ಹಿಂದಿನ ದಿನವೂ ಹೊರಡುವ ಬೆಳಗ್ಗೆಯೂ ನೋಡಿಕೊಳ್ಳಿ. ಕಿತ್ತಳೆ ಬಣ್ಣ ಕಂಡರೆ ಪ್ರವಾಸವನ್ನು ಒಂದು ವಾರ ಮುಂದೂಡುವುದರಿಂದ ನಿವೃತ್ತರಿಗೆ ಯಾವ ನಷ್ಟವೂ ಇಲ್ಲ.

ಉಳಿಯುವುದು ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗಿನ ಕಾಲ. ಇಲ್ಲಿಯೂ ಒಂದು ವಿವೇಚನೆ ಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಸಿದ್ದಾಪುರ ತಾಲೂಕಿನಲ್ಲೂ ಕಾಣಿಸಿಕೊಂಡಿದೆ. ಅದನ್ನು ಹರಡುವ, ರಕ್ತ ಹೀರುವ ಸಣ್ಣ ಹುಳುಗಳಾದ ಉಣುಗುಗಳ ಕಾಟ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಇದ್ದು, ಜನವರಿಯಿಂದ ಮಾರ್ಚ್‌ವರೆಗೆ ಹೆಚ್ಚು. ಹೀಗಾಗಿ ಸಿದ್ದಾಪುರ, ಶಿರಸಿಗಳ ಕಾಡಿನಂಚಿನ ರಾತ್ರಿಗಳನ್ನು ನವೆಂಬರ್‌ಗೆ ಇಟ್ಟುಕೊಂಡು, ಜನವರಿ ಮತ್ತು ಫೆಬ್ರವರಿಯನ್ನು ಕಡಲತೀರಕ್ಕೆ ಮೀಸಲಿಡುವುದು ನಾನು ಎಲ್ಲರಿಗೂ ಹೇಳುವ ಸಲಹೆ. ಆ ವರ್ಷ ಯಾವ ಗ್ರಾಮಗಳಲ್ಲಿ ಪ್ರಕರಣಗಳು ಬಂದಿವೆ ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿದರೆ ಹೇಳುತ್ತಾರೆ.

ಅನುಮತಿಯ ವಿಷಯದಲ್ಲಿ ಸಡಿಲತೆ ಸಲ್ಲದು. ಮೀಸಲು ಅರಣ್ಯದಲ್ಲಿ ಮನಸ್ಸಿಗೆ ಬಂದಲ್ಲಿ ಡೇರೆ ಹೂಡುವುದು, ಬೆಂಕಿ ಹಾಕುವುದು ಅಪರಾಧ. ಅಣಶಿ ಮತ್ತು ದಾಂಡೇಲಿಯ ಕಾಡುಗಳು ಈಗ ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿವೆ. ಅಲ್ಲಿ ಉಳಿಯಬೇಕೆಂದರೆ ಅರಣ್ಯ ಇಲಾಖೆಯ ಕುಳಗಿ ಅಥವಾ ಅಣಶಿ ಪ್ರಕೃತಿ ಶಿಬಿರಗಳಂಥ ಜಾಗವನ್ನು ಮುಂಗಡವಾಗಿ ಕಾಯ್ದಿರಿಸಬೇಕು. ಮೊದಲ ಸಲ ಹೊರಡುವವರಿಗೆ ಇಂಥ ಶಿಬಿರಗಳೇ ಸರಿ, ಏಕೆಂದರೆ ಅಲ್ಲಿ ಶೌಚಾಲಯ, ಊಟ ಮತ್ತು ಕಾವಲು ಮೂರೂ ಇರುತ್ತವೆ. ಎರಡನೆಯ ಆಯ್ಕೆ ಪರಿಚಿತ ಕೃಷಿಕರ ಬೇಣ. ತೋಟದ ಮೇಲ್ಭಾಗದ ಹುಲ್ಲುನೆಲವಾದ ಬೇಣ ತೆರೆದಿರುತ್ತದೆ, ನೀರು ನಿಲ್ಲುವುದಿಲ್ಲ, ಕೂಗಿದರೆ ಕೇಳುವಷ್ಟು ದೂರದಲ್ಲಿ ಮನೆಯಿರುತ್ತದೆ. ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟದೊಳಗೆ ಮಾತ್ರ ಡೇರೆ ಬೇಡ. ಅದು ಅರಣ್ಯದ ನಿಯಮಗಳಿಗೆ ಒಳಪಟ್ಟ ನೆಲ, ಮೇಲಾಗಿ ಉದುರಿದ ಒಣ ಎಲೆಗಳ, ಅಂದರೆ ದರಕಿನ, ನಡುವೆ ಉಣುಗು ಹೆಚ್ಚು. ಕಡಲತೀರದಲ್ಲಿ ಸಾರ್ವಜನಿಕ ದಂಡೆಯನ್ನು ಬಿಟ್ಟು, ತೆಂಗಿನ ತೋಟದೊಳಗೆ ಪರವಾನಗಿಯೊಡನೆ ನಡೆಯುವ ಹೋಂಸ್ಟೇ ಅಥವಾ ಶಿಬಿರದ ಅಂಗಳವನ್ನು ಕೇಳಿ ಪಡೆಯಿರಿ.

ಮೂರನೆಯ ಹೆಜ್ಜೆ: ವೈದ್ಯರ ಭೇಟಿ ಮತ್ತು ಔಷಧದ ಚೀಲ

ಹೊರಡುವ ಎರಡು ವಾರಕ್ಕೆ ಮುನ್ನ ನಿಮ್ಮ ವೈದ್ಯರನ್ನು ಕಂಡು, ಎಲ್ಲಿ ಮಲಗುತ್ತೀರಿ, ಎಷ್ಟು ನಡೆಯುತ್ತೀರಿ ಎಂಬುದನ್ನು ಹೇಳಿ. 'ಪ್ರವಾಸ ಹೋಗುತ್ತೇನೆ' ಎಂದಷ್ಟೇ ಹೇಳಿದರೆ ಅವರು ರೈಲು, ಹೋಟೆಲನ್ನು ಊಹಿಸಿಕೊಳ್ಳುತ್ತಾರೆ. ಕೇಳಬೇಕಾದ ಪ್ರಶ್ನೆಗಳು ಹಲವು. ರಕ್ತದೊತ್ತಡಕ್ಕೆ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ತೆಗೆದುಕೊಳ್ಳುವವರು ಕರಾವಳಿಯ ಸೆಕೆಯಲ್ಲಿ ಬೇಗ ನಿರ್ಜಲರಾಗುತ್ತಾರೆ, ಬಿಸಿಲಿನಲ್ಲಿ ನಡೆಯುವ ದಿನ ಅದನ್ನು ಯಾವ ಹೊತ್ತಿಗೆ ತೆಗೆದುಕೊಳ್ಳಬೇಕೆಂದು ಕೇಳಿ. ಆ್ಯಸ್ಪಿರಿನ್ ಅಥವಾ ಬೇರೆ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ವಿಶೇಷವಾಗಿ ನೆನಪಿಸಿ. ಉಂಬಳ (ಜಿಗಣೆ) ಕಚ್ಚಿದಾಗ ಅದರ ಜೊಲ್ಲಿನಲ್ಲಿರುವ ಅಂಶವೇ ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಅದರ ಮೇಲೆ ಈ ಮಾತ್ರೆಯೂ ಸೇರಿದರೆ ಸಣ್ಣ ಗಾಯ ತಾಸುಗಟ್ಟಲೆ ಒಸರಬಹುದು. ಅದು ಸಾಮಾನ್ಯವಾಗಿ ಅಪಾಯಕಾರಿಯಲ್ಲ, ಆದರೆ ಒತ್ತಿ ಕಟ್ಟಲು ಶುದ್ಧ ಬಟ್ಟೆಯ ಪಟ್ಟಿ ಜೊತೆಯಲ್ಲಿರಬೇಕು.

ಬಳಕೆಗೆ ತೆರೆದ ಇನ್ಸುಲಿನ್ ಸಾಮಾನ್ಯವಾಗಿ ಸುಮಾರು 28 ದಿನಗಳವರೆಗೆ ಫ್ರಿಜ್ ಇಲ್ಲದೆಯೂ ಉಳಿಯುತ್ತದಾದರೂ 30 ಡಿಗ್ರಿಗಿಂತ ಮೇಲಿನ ಶಾಖವನ್ನು ತಾಳದು, ಮತ್ತು ಕಾರವಾರದಲ್ಲಿ ಜನವರಿಯ ಮಧ್ಯಾಹ್ನವೂ ಆ ಮಟ್ಟವನ್ನು ದಾಟುತ್ತದೆ. ನಿಲ್ಲಿಸಿದ ಕಾರಿನೊಳಗೆ ಅದನ್ನು ಬಿಡಲೇಬಾರದು. ತಣ್ಣೀರಿನಲ್ಲಿ ತೊಳೆದ ಅಗಲ ಬಾಯಿಯ ಫ್ಲಾಸ್ಕಿನಲ್ಲಿಟ್ಟು ನೆರಳಿನಲ್ಲಿರಿಸಿ, ಹಗಲು ತಂಗುವ ಮನೆಯವರ ಫ್ರಿಜ್ ಕೇಳಿಕೊಳ್ಳಿ. ಎಲ್ಲ ಮಾತ್ರೆಗಳನ್ನೂ ಪ್ರವಾಸದ ದಿನಗಳಿಗಿಂತ ನಾಲ್ಕು ದಿನ ಹೆಚ್ಚಿಗೆ ತೆಗೆದುಕೊಂಡು ಎರಡು ಭಾಗ ಮಾಡಿ, ಇಬ್ಬರ ಚೀಲಗಳಲ್ಲಿ ಬೇರೆಬೇರೆಯಾಗಿ ಇಡಿ. ಓಆರ್‌ಎಸ್ ಪೊಟ್ಟಣಗಳು, ಚಿಮಟ, ಮಂಡಿಗೆ ಹಾಕುವ ಪಟ್ಟಿ, ಹೆಚ್ಚುವರಿ ಕನ್ನಡಕ ಇವು ಅದೇ ಚೀಲಕ್ಕೆ ಸೇರಬೇಕು.

ನಾಲ್ಕನೆಯ ಹೆಜ್ಜೆ: ಅಂಗಳದಲ್ಲಿ ಒಂದು ರಾತ್ರಿ

ಹೊಸ ಡೇರೆಯನ್ನು ಕೊಂಡ ದಿನವೇ ಕಾಡಿಗೆ ಒಯ್ಯಬಾರದು. ಮನೆಯ ಅಂಗಳದಲ್ಲಿ ಅದನ್ನು ಒಮ್ಮೆ ಹಗಲಲ್ಲಿ, ಇನ್ನೊಮ್ಮೆ ಟಾರ್ಚಿನ ಬೆಳಕಿನಲ್ಲಿ ಹೂಡಿ, ಒಂದಿಡೀ ರಾತ್ರಿ ಅದರಲ್ಲೇ ಮಲಗಿ. ಅಡಿಕೆ ಕೊಯ್ಲು ಶುರುವಾದ ಮೇಲೆ ತೋಟಿಗರ ಅಂಗಳದಲ್ಲಿ ಜಾಗ ಸಿಗದು, ಅಂಥವರು ಅಕ್ಟೋಬರ್ ಕೊನೆಗೇ ಈ ಪರೀಕ್ಷೆ ಮುಗಿಸಲಿ. ಆ ರಾತ್ರಿ ಗಮನಿಸಬೇಕಾದದ್ದು ಡೇರೆಗಿಂತ ಹೆಚ್ಚಾಗಿ ನಿಮ್ಮ ದೇಹವನ್ನು: ನೆಲದಿಂದ ಯಾರ ಸಹಾಯವೂ ಇಲ್ಲದೆ ಏಳಲು ಸಾಧ್ಯವೇ, ತಗ್ಗಿ ಬಾಗಿಲು ದಾಟುವಾಗ ಸೊಂಟ ಹಿಡಿಯುತ್ತದೆಯೇ, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳಬೇಕಾಯಿತು, ಬೆಳಗ್ಗೆ ಕೈಕಾಲು ಬಿಡಿಸಿಕೊಳ್ಳಲು ಎಷ್ಟು ಹೊತ್ತು ಹಿಡಿಯಿತು.

ನೆಲದಿಂದ ಏಳಲು ಕಷ್ಟವಾದರೆ ಪ್ರವಾಸವನ್ನು ಕೈಬಿಡಬೇಕಾಗಿಲ್ಲ, ಸಾಮಾನನ್ನು ಬದಲಾಯಿಸಿದರೆ ಸಾಕು. ಇಬ್ಬರು ಹೋಗುವುದಾದರೆ ಇಬ್ಬರ ಡೇರೆ ಕೊಳ್ಳದೆ ನಾಲ್ವರದ್ದನ್ನು ಕೊಳ್ಳಿ, ಅದರಲ್ಲಿ ಬೆನ್ನು ಬಗ್ಗಿಸದೆ ಬಟ್ಟೆ ಬದಲಿಸಬಹುದು ಮತ್ತು ಮಡಚುವ ಮಂಚ ಹಿಡಿಯುತ್ತದೆ. ಮಂಡಿಯೆತ್ತರದ ಮಂಚದಿಂದ ಕಾಲು ಕೆಳಗಿಟ್ಟು ಏಳುವುದಕ್ಕೂ ಚಾಪೆಯಿಂದ ಏಳುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದು ಸಂಧಿವಾತ ಇರುವವರಿಗೆ ಗೊತ್ತು. ಒಳಪದರ ಮತ್ತು ಮಳೆಹೊದಿಕೆ ಬೇರೆಬೇರೆಯಾಗಿರುವ ಎರಡು ಪದರದ ಡೇರೆಯನ್ನೇ ಆರಿಸಿ. ಒಂದೇ ಪದರದ್ದಾದರೆ ಉಸಿರಿನ ತೇವ ಒಳಗೆ ಹನಿಗಟ್ಟಿ ಬೆಳಗಿನ ಜಾವ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಸ್ಲೀಪಿಂಗ್ ಬ್ಯಾಗಿನೊಳಗೆ ಕಾಲು ತೂರಿಸಿ ಜಿಪ್ಪು ಎಳೆಯುವುದು ಹಲವರಿಗೆ ಹಿಂಸೆ. ಉಣ್ಣೆಯ ಕಂಬಳಿ ಎರಡಿದ್ದರೆ ಶಿರಸಿಯ ಡಿಸೆಂಬರ್ ಚಳಿಗೆ ಸಾಕು, ಒಂದನ್ನು ಕೆಳಗೂ ಹಾಸಬಹುದು.

ಇನ್ನುಳಿದ ಸಾಮಾನಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ತಲೆಗೆ ಕಟ್ಟುವ ಟಾರ್ಚ್ ತಲೆಗೊಂದು, ಸೀಟಿ ತಲೆಗೊಂದು, ಊರುಗೋಲು, ಒಂಟಿ ಉರಿಯ ಸಣ್ಣ ಗ್ಯಾಸ್ ಒಲೆ, ಬೆನ್ನು ಒರಗುವ ಮಡಚುವ ಕುರ್ಚಿ, ಗಮ್‌ಬೂಟು ಇಷ್ಟಿದ್ದರೆ ಮುಖ್ಯವಾದದ್ದು ಬಂತು.

ಐದನೆಯ ಹೆಜ್ಜೆ: ದಾರಿಯನ್ನು ಹೊಂದಿಸುವುದು

ಶಿರಸಿಯವರಿಗೆ ಹೊಂದುವ ಒಂದು ಮಾದರಿ ಹೀಗಿದೆ. ಮೊದಲ ದಿನ ಬೆಳಗ್ಗೆ ಹೊರಟು ಸುಮಾರು 60 ಕಿಲೋಮೀಟರ್ ದೂರದ ಕುಮಟಾಕ್ಕೆ ಇಳಿದು, ಹೆದ್ದಾರಿ 66ರಲ್ಲಿ ಉತ್ತರಕ್ಕೆ ಸಾಗಿ, ಮಧ್ಯಾಹ್ನ ಮೂರರೊಳಗೆ ಕಾರವಾರದ ಆಚೆಯ ಮಾಜಾಳಿ ಅಥವಾ ದೇವಬಾಗದ ಕಡೆ ತಲುಪುವುದು. ಎರಡನೆಯ ದಿನ ವಾಹನವನ್ನು ಮುಟ್ಟದೆ ಅಲ್ಲೇ ಉಳಿಯುವುದು. ಮೂರನೆಯ ದಿನ ಹಿಂದಕ್ಕೆ ಬಂದು ಅಘನಾಶಿನಿ ಅಳಿವೆಯ ಸುತ್ತಲಿನ ಯಾವುದಾದರೂ ಹಳ್ಳಿಯಲ್ಲಿ ತಂಗಿ, ನಾಲ್ಕನೆಯ ದಿನ ಬಿಸಿಲೇರುವ ಮುನ್ನ ಯಾಣ ನೋಡಿ ಊಟದ ಹೊತ್ತಿಗೆ ಮನೆ ಸೇರುವುದು. ಕಾರವಾರದವರು ಇದನ್ನೇ ತಿರುಗಿಸಿ, ಮೊದಲ ದಿನವೇ ಘಟ್ಟ ಹತ್ತಿ ಶಿರಸಿ ಸೀಮೆಯ ಬೇಣವೊಂದರಲ್ಲಿ ತಂಗಬಹುದು. ಶಾಲ್ಮಲೆಯ ನೀರಿಳಿದು ಸಹಸ್ರಲಿಂಗದ ಕಲ್ಲುಗಳು ಚೆನ್ನಾಗಿ ಕಾಣುವ ಕಾಲವೂ ಚಳಿಗಾಲವೇ. ದೇವಿಮನೆ ಘಟ್ಟದಲ್ಲಿ ರಸ್ತೆ ಅಗಲೀಕರಣಕ್ಕಾಗಿ ಆಗಾಗ ಸಂಚಾರ ನಿಲ್ಲಿಸಿದ್ದುಂಟು, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಕಾರು ಇಲ್ಲದವರೂ ನಿರಾಶರಾಗಬೇಕಿಲ್ಲ. ಕೊಂಕಣ ರೈಲು ಕಾರವಾರ, ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರಗಳನ್ನು ಮುಟ್ಟುತ್ತದೆ. ವಾಯವ್ಯ ಸಾರಿಗೆಯ ಬಸ್ಸುಗಳಲ್ಲಿ ಅರವತ್ತು ದಾಟಿದವರಿಗೆ ದರದಲ್ಲಿ ಶೇ. 25 ರಿಯಾಯಿತಿ ಇದೆ. ರಾಜ್ಯದ ಮಹಿಳೆಯರಿಗೆ 2023ರ ಜೂನ್‌ನಿಂದ ಸಾಮಾನ್ಯ ಸಾರಿಗೆಯ ಪ್ರಯಾಣ ಉಚಿತ. ಬಸ್ಸಿನಲ್ಲಿ ಹೋಗುವವರು ಸ್ವಂತ ಡೇರೆಯ ಭಾರ ಹೊರದೆ, ಡೇರೆಯನ್ನು ಅವರೇ ಒದಗಿಸುವ ಶಿಬಿರವನ್ನು ಗೊತ್ತುಮಾಡಿಕೊಳ್ಳುವುದು ಮೇಲು.

ಆರನೆಯ ಹೆಜ್ಜೆ: ಡೇರೆಗೆ ಜಾಗ ಆರಿಸುವುದು

ಡಿಸೆಂಬರ್‌ನಲ್ಲಿ ಸಂಜೆ ಆರು ಕಳೆದೊಡನೆ ಹೊತ್ತು ಮುಳುಗುತ್ತದೆ. ಕಾಡಿನೊಳಗೆ ಅದಕ್ಕಿಂತ ಅರ್ಧ ತಾಸು ಮೊದಲೇ ಕತ್ತಲೆ. ಆದುದರಿಂದ ನಾಲ್ಕೂವರೆಗೆ ಡೇರೆ ಎದ್ದು ನಿಂತಿರಬೇಕು. ತಲೆಯ ಮೇಲೆ ಒಣ ಕೊಂಬೆ, ತೆಂಗಿನ ಕಾಯಿ ಇಲ್ಲದ ಜಾಗ ನೋಡಿ. ತೆಂಗಿನ ತೋಟದಲ್ಲಿ ಈ ಮಾತು ಹೇಳಬೇಕಾದದ್ದೇ ಇಲ್ಲ ಎನಿಸಬಹುದು, ಆದರೆ ನೆರಳನ್ನು ಅರಸಿ ನೇರವಾಗಿ ಮರದ ಬುಡದಲ್ಲೇ ಡೇರೆ ಹೂಡುವವರು ಬಹಳ. ಡೇರೆಯಿಂದ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಬೇರು, ಕಲ್ಲು, ಡೇರೆಯ ಹಗ್ಗ ಅಡ್ಡ ಬರದಂತೆ ನೋಡಿ, ಹಗ್ಗಗಳಿಗೆ ಬಿಳಿ ಬಟ್ಟೆಯ ಚಿಂದಿ ಕಟ್ಟಿ. ವಯಸ್ಸಾದವರಿಗೆ ಕಾಡಿನಲ್ಲಿ ಚಿರತೆಗಿಂತ ಹೆಚ್ಚು ಭಯಪಡಬೇಕಾದದ್ದು ರಾತ್ರಿ ಎಡವಿ ಬೀಳುವುದಕ್ಕೆ.

ಹೊಳೆಯ ದಂಡೆಯ ಆಕರ್ಷಣೆ ದೊಡ್ಡದು, ಅಪಾಯವೂ ಅಷ್ಟೇ. ಕಾಳಿ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಹೀಗೆ ಸಾಲಾಗಿ ಅಣೆಕಟ್ಟುಗಳಿವೆ. ಶರಾವತಿಗೆ ಲಿಂಗನಮಕ್ಕಿ ಮತ್ತು ಗೇರುಸೊಪ್ಪೆ ಇವೆ. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ಮೋಡವಿಲ್ಲದ ದಿನವೂ ಹೊಳೆ ಏಕಾಏಕಿ ಏರುತ್ತದೆ. ಅಣೆಕಟ್ಟಿನ ಕೆಳಗಿನ ಮರಳುದಿಬ್ಬದಲ್ಲಾಗಲಿ, ಹೊಳೆಯ ನಡುವಿನ ಬಂಡೆಯ ಮೇಲಾಗಲಿ ಡೇರೆ ಹಾಕುವುದು, ಮಧ್ಯಾಹ್ನದ ನಿದ್ದೆ ಮಾಡುವುದು ಎರಡೂ ಕೂಡದು. ದಂಡೆಯ ಮರಗಳಿಗೆ ಸಿಕ್ಕಿಕೊಂಡ ಕಸಕಡ್ಡಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು ನೋಡಿದರೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ತಿಳಿಯುತ್ತದೆ. ಅದಕ್ಕಿಂತ ಮೇಲೆ, ಹೊಳೆಯಿಂದ ದೂರದಲ್ಲಿ ಜಾಗ ಆರಿಸಿ.

ಕಡಲತೀರದಲ್ಲಿಯೂ ಇದೇ ಬಗೆಯ ಗುರುತು ಸಿಗುತ್ತದೆ. ಭರತದ ನೀರು ಒಣ ಹುಲ್ಲು, ಚಿಪ್ಪು, ಪ್ಲಾಸ್ಟಿಕ್ ಚೂರುಗಳ ಒಂದು ಸಾಲನ್ನು ಬಿಟ್ಟು ಹೋಗಿರುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಪ್ರತಿದಿನ ಅವುಗಳ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಮೇಲೆ ಬರುತ್ತದೆ. ಬೆಳದಿಂಗಳಿಗಾಗಿ ಹುಣ್ಣಿಮೆಯಂದೇ ಹೋಗುವವರು ಆ ಸಾಲಿಗಿಂತ ಬಹಳ ಹಿಂದೆ, ಗಾಳಿಮರಗಳ ಅಥವಾ ತೆಂಗಿನ ಸಾಲಿನ ಒಳಗೆ ತಂಗಬೇಕು. ಮರಳಿನಲ್ಲಿ ಸಾಮಾನ್ಯ ಗೂಟ ನಿಲ್ಲದು. ಬಟ್ಟೆಯ ಚೀಲಗಳಿಗೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಳದಾಳ ಹೂತರೆ ಎಂಥ ಗಾಳಿಗೂ ಡೇರೆ ಕದಲುವುದಿಲ್ಲ. ಚಳಿಗಾಲದ ರಾತ್ರಿಗಳಲ್ಲಿ ಈ ದಂಡೆಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಮರಿಗಳು ಬೆಳಕನ್ನು ಅನುಸರಿಸಿ ನಡೆಯುತ್ತವೆ. ನಿಮ್ಮ ದೀಪ ಕಡಲಿನ ಕಡೆಗೆ ಬೀಳದಿರಲಿ. ಗೂಡಿನ ಗುರುತು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ. ಇದು ನಾವು ಉಳಿಸಿ ಕೊಡಬೇಕಾದ ಸಂಪತ್ತು.

ಸಮುದ್ರಸ್ನಾನದ ಬಗ್ಗೆ ಒಂದೇ ಮಾತು: ಜೀವರಕ್ಷಕರು ಇರುವ ದಂಡೆಯಲ್ಲಿ, ಮೊಣಕಾಲಿನವರೆಗೆ.

ಏಳನೆಯ ಹೆಜ್ಜೆ: ಸಂಜೆ ಮತ್ತು ರಾತ್ರಿ

ರಾತ್ರಿಯ ಊಟ ಏಳರೊಳಗೆ ಮುಗಿಯಲಿ, ಹಗುರವಾಗಿರಲಿ. ನಮ್ಮ ಅಡುಗೆಮನೆಯಲ್ಲಿ ಶಿಬಿರಕ್ಕೆಂದೇ ಮಾಡಿದಂತಿರುವ ಪದಾರ್ಥಗಳು ಬೇಕಾದಷ್ಟಿವೆ: ಮೊಸರವಲಕ್ಕಿ, ಒಂದೆಲಗದ ತಂಬುಳಿ, ಗಂಜಿಗೆ ಮಿಡಿ ಉಪ್ಪಿನಕಾಯಿ, ಬಿಸಿಲಿಗೆ ಮುರುಗಲಿನ ಪಾನಕ, ಚಳಿಗೆ ಜೀರಿಗೆ ಕೊತ್ತಂಬರಿ ಕಷಾಯ. ಡೇರೆಯೊಳಗೆ ಒಲೆ ಹಚ್ಚಬಾರದು, ಚಳಿಗೆಂದು ಕೆಂಡದ ಬಾಣಲೆ ಇಡಲೂ ಬಾರದು. ಮುಚ್ಚಿದ ಜಾಗದಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳದೇ ಹೋಗಬಹುದು. ಕುಡಿಯುವ ನೀರನ್ನು ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. ಬಾಳೆಹಣ್ಣು, ತಿಂಡಿಗಳನ್ನು ವಾಹನದೊಳಗಿಟ್ಟು ಬೀಗ ಹಾಕಿ, ಇಲ್ಲವಾದರೆ ಬೆಳಗ್ಗೆ ಮಂಗಗಳು ಡೇರೆಯನ್ನೇ ಹರಿಯುತ್ತವೆ.

ರಾತ್ರಿ ಎಚ್ಚರವಾದಾಗ ತಟ್ಟನೆ ನಿಲ್ಲಬಾರದು. ಮಲಗಿದಲ್ಲಿಂದ ಎದ್ದೊಡನೆ ರಕ್ತದೊತ್ತಡ ಇಳಿದು ತಲೆ ತಿರುಗುವುದು ಈ ವಯಸ್ಸಿನಲ್ಲಿ ಸಾಮಾನ್ಯ, ಒತ್ತಡದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಹೆಚ್ಚು. ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು, ದೀಪ ಹಚ್ಚಿ, ಚಪ್ಪಲಿಯನ್ನು ಕೊಡವಿ ಹಾಕಿಕೊಂಡು, ಊರುಗೋಲು ಹಿಡಿದು ಹೊರಡಿ, ಜೊತೆಗಾರರಿಗೆ ಹೇಳಿಯೇ ಹೋಗಿ. ಪದೇಪದೇ ಏಳುವವರು ಅಗಲ ಬಾಯಿಯ ಮುಚ್ಚಳವಿರುವ ಡಬ್ಬಿಯೊಂದನ್ನು ಡೇರೆಯಲ್ಲಿಯೇ ಇಟ್ಟುಕೊಳ್ಳಲು ನಾಚಿಕೆಪಡಬಾರದು. ನೀರು ಕುಡಿಯುವುದನ್ನು ಕಡಿಮೆ ಮಾಡುವುದು ಮಾತ್ರ ಇದಕ್ಕೆ ಪರಿಹಾರವಲ್ಲ, ಹಗಲು ಹೆಚ್ಚು ಕುಡಿದು ಸಂಜೆಯ ಅನಂತರ ಮಿತಗೊಳಿಸಿ.

ಎಂಟನೆಯ ಹೆಜ್ಜೆ: ಕಾಡಿನ ಜೀವಿಗಳೊಡನೆ ಎಚ್ಚರ

ಉಂಬಳ ಕಚ್ಚಿದ್ದನ್ನು ಕಿತ್ತೆಳೆಯದೆ ಉಗುರಿನಿಂದ ಬದಿಗೆ ಸರಿಸಿ ಬಿಡಿಸಬೇಕು. ಅದರಿಂದ ತೊಂದರೆಯಷ್ಟೇ, ರೋಗದ ಭಯ ಕಡಿಮೆ. ಉಣುಗಿನ ವಿಷಯ ಹಾಗಲ್ಲ. ಆರೋಗ್ಯ ಇಲಾಖೆ ಕಾಡಿನಂಚಿನ ಊರುಗಳಲ್ಲಿ ಹಂಚುವ ಡೆಪಾ ತೈಲವನ್ನು ಕೈಕಾಲುಗಳಿಗೆ ಹಚ್ಚಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ದರಕಿನ ಮೇಲೆ ಕುಳಿತುಕೊಳ್ಳದಿರಿ. ಸಂಜೆ ಒಬ್ಬರ ಕುತ್ತಿಗೆ, ಕಂಕುಳು, ಮಂಡಿಯ ಹಿಂಭಾಗಗಳನ್ನು ಇನ್ನೊಬ್ಬರು ನೋಡಿ. ಮರಿ ಉಣುಗು ಎಳ್ಳಿಗಿಂತ ಚಿಕ್ಕದು, ಕನ್ನಡಕ ಹಾಕಿಕೊಂಡು ಟಾರ್ಚ್ ಹಿಡಿದೇ ಹುಡುಕಬೇಕು. ಕಚ್ಚಿದ್ದರೆ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆದು, ಬರಿಗೈಯಲ್ಲಿ ಹಿಸುಕದೆ, ಆ ಜಾಗವನ್ನು ಸಾಬೂನಿನಿಂದ ತೊಳೆಯಿರಿ. ಸತ್ತ ಮಂಗ ಕಂಡರೆ ಆ ಜಾಗವನ್ನು ಬಿಟ್ಟು ಹೊರಟು, ಆರೋಗ್ಯ ಕೇಂದ್ರಕ್ಕೂ ಅರಣ್ಯ ಸಹಾಯವಾಣಿ 1926ಕ್ಕೂ ತಿಳಿಸಿ.

ಯಾಣದ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದಂಥ ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಅಲ್ಲಿ ಹೊಗೆ, ಪರಿಮಳದ್ರವ್ಯ, ಗದ್ದಲ ಮೂರನ್ನೂ ದೂರವಿಡಿ, ಏಕೆಂದರೆ ಹೆಜ್ಜೇನು ಬೆನ್ನಟ್ಟಿದಾಗ ಓಡುವ ಶಕ್ತಿ ನಮಗಿಲ್ಲ. ಹಾವಿನ ಪೈಕಿ ಕಡಂಬಳ ಎಂಬ ವಿಷದ ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದ್ದು ನೋವಿಲ್ಲದೆ ತಿಳಿಯದೇ ಹೋಗಬಹುದು. ಡೇರೆಯ ಜಿಪ್ಪನ್ನು ಹಗಲೂ ಮುಚ್ಚಿಡುವುದು ಮತ್ತು ಮಂಚದ ಮೇಲೆ ಮಲಗುವುದು ಇದಕ್ಕೂ ಒಳ್ಳೆಯದು. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದನ್ನೂ ಮಾಡದೆ, ಉಂಗುರ ಬಳೆ ತೆಗೆದು, ಕಚ್ಚಿದ ಅಂಗ ಅಲುಗಾಡದಂತೆ ಇರಿಸಿ 108ಕ್ಕೆ ಕರೆ ಮಾಡಿ, ವಾಹನವಿದ್ದರೆ ಕಾಯದೆ ಹತ್ತಿರದ ತಾಲೂಕು ಆಸ್ಪತ್ರೆಗೆ ಹೊರಡಿ. ಇದಕ್ಕಾಗಿಯೇ ತಂಗುವ ಪ್ರತಿಯೊಂದು ಊರಿನಿಂದ ತಾಲೂಕು ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ ಎಂಬುದು ನಿಮ್ಮ ಕಾಗದದಲ್ಲಿ ಬರೆದಿರಬೇಕು.

ಒಂಬತ್ತನೆಯ ಹೆಜ್ಜೆ: ಮರಳುವ ಬೆಳಗು

ಹಿಂದಿನ ಸಂಜೆಯೇ ಅರ್ಧ ಸಾಮಾನು ಕಟ್ಟಿಡಿ. ಬೆಳಗ್ಗೆ ಇಬ್ಬನಿಗೆ ಡೇರೆ ನೆನೆದಿದ್ದರೆ ಒಣಗಲು ಕಾಯುತ್ತ ಹೊತ್ತು ಕಳೆಯದೆ ಹಾಗೆಯೇ ಚೀಲಕ್ಕೆ ತುಂಬಿ. ಹೊರಡುವ ಮುನ್ನ ಚಾಲಕರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದು: ರಾತ್ರಿ ಐದು ತಾಸಾದರೂ ನಿದ್ದೆ ಬಂದಿತೇ? ಇಲ್ಲವೆಂದಾದರೆ ಜೊತೆಗಾರರು ಓಡಿಸಲಿ, ಅಥವಾ ಆ ಬಿಡಿ ದಿನವನ್ನು ಇಲ್ಲಿ ಬಳಸಿಕೊಳ್ಳಿ. ಘಟ್ಟ ಇಳಿಯುವವರು ಬ್ರೇಕನ್ನೇ ನಂಬದೆ ಎರಡನೆಯ ಗೇರಿನಲ್ಲಿ ಇಳಿಯಬೇಕು. ಎಡೆಬಿಡದೆ ಒತ್ತಿದ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ತಾಸಿಗೊಮ್ಮೆ ಅಗಲವಾದ ಜಾಗದಲ್ಲಿ ನಿಂತು ಐದು ನಿಮಿಷ ನಡೆದಾಡಿದರೆ ಕಾಲಿನಲ್ಲಿ ರಕ್ತ ನಿಲ್ಲುವುದಿಲ್ಲ, ಕಣ್ಣಿಗೂ ಎಚ್ಚರ. ಮನೆ ಹತ್ತಿರವಾದಂತೆ ವೇಗ ಹೆಚ್ಚಿಸುವ ಅಭ್ಯಾಸ ಬಹುಪಾಲು ಜನರಿಗಿದೆ. ಪರಿಚಿತವಾದ ಆ ಕೊನೆಯ ಹತ್ತು ಕಿಲೋಮೀಟರನ್ನೇ ಅತಿ ನಿಧಾನವಾಗಿ ಸಾಗಿ.

ಹತ್ತನೆಯ ಹೆಜ್ಜೆ: ಮನೆ ಸೇರಿದ ಮೇಲೆ

ಒಳಗೆ ಹೋಗುವ ಮುನ್ನ ಬಟ್ಟೆಗಳನ್ನು ಹೊರಗೇ ಕೊಡವಿ ಬಿಸಿನೀರಿಗೆ ಹಾಕಿ, ಬಿಸಿನೀರಿನ ಸ್ನಾನ ಮಾಡುತ್ತ ಮತ್ತೊಮ್ಮೆ ಮೈಯಲ್ಲಿ ಉಣುಗು ಇದೆಯೇ ನೋಡಿಕೊಳ್ಳಿ. ಆ ದಿನ ಮತ್ತು ಮರುದಿನ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ದಣಿವು ಎರಡನೆಯ ದಿನ ಹೆಚ್ಚಾಗಿ ಕಾಣಿಸಿಕೊಳ್ಳುವುದು ಸಹಜ. ರಕ್ತದೊತ್ತಡ ಮತ್ತು ಸಕ್ಕರೆಯನ್ನು ಮೂರು ದಿನ ಅಳೆದು ಬರೆದಿಡಿ.

ಮುಂದಿನ ಮೂರು ವಾರಗಳಲ್ಲಿ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಸುಮ್ಮನಿರಬಾರದು. ಮಂಗನ ಕಾಯಿಲೆ ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಏಕಾಏಕಿ ಜೋರು ಜ್ವರ, ತಲೆನೋವು, ಮೈಕೈ ನೋವಿನೊಡನೆ ಬರುತ್ತದೆ. ಪೊದೆಗಳಲ್ಲಿನ ಸೂಕ್ಷ್ಮ ನುಸಿಯಿಂದ ಹರಡುವ ಸ್ಕ್ರಬ್ ಟೈಫಸ್ ಇನ್ನೂ ತಡವಾಗಿ ಕಾಣಿಸಿಕೊಳ್ಳಬಹುದು, ಕಚ್ಚಿದ ಜಾಗದಲ್ಲಿ ಸುಟ್ಟಂಥ ಕಪ್ಪು ಹಕ್ಕಳೆ ಅದರ ಗುರುತು. ಯಾವ ದಿನ ಯಾವ ಊರಿನಲ್ಲಿ ತಂಗಿದ್ದಿರಿ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ. ಇವು ಬೇಗ ತಿಳಿದಷ್ಟೂ ಚಿಕಿತ್ಸೆ ಸುಲಭ, ಮತ್ತು ವಯಸ್ಸಾದವರಲ್ಲಿ ತಡವಾದರೆ ಅಪಾಯ ಹೆಚ್ಚು.

ಡೇರೆಯನ್ನು ಮರುದಿನವೇ ಬಿಚ್ಚಿ, ಕಡಲತೀರಕ್ಕೆ ಹೋಗಿದ್ದರೆ ಸಿಹಿನೀರಿನಲ್ಲಿ ಉಪ್ಪು ಹೋಗುವಂತೆ ಜಾಲಾಡಿ, ಕಡುಬಿಸಿಲಿಗೆ ಹಾಕದೆ ನೆರಳು ಗಾಳಿಯಲ್ಲಿ ಪೂರ್ತಿ ಒಣಗಿಸಿ. ಜಿಪ್ಪು ಮತ್ತು ಕಂಬದ ಕೀಲುಗಳಲ್ಲಿ ಉಳಿದ ಮರಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬಹುದು. ಸ್ವಲ್ಪ ತೇವ ಉಳಿದರೂ ನಮ್ಮ ಮಳೆಗಾಲದಲ್ಲಿ ಅದು ಬೂಷ್ಟು ಹಿಡಿದು ಬಟ್ಟೆಯ ನೀರುತಡೆವ ಲೇಪ ಎದ್ದುಹೋಗುತ್ತದೆ. ಆದ್ದರಿಂದ ಮೇ ತಿಂಗಳಲ್ಲಿ ಇನ್ನೊಮ್ಮೆ ಬಿಡಿಸಿ ಗಾಳಿಗೆ ಹಾಕಿ, ಗೂಟಗಳನ್ನು ಎಣಿಸಿ, ಹರಿದ ಕಡೆ ಹೊಲಿಸಿ, ಬಿಗಿಯಾಗಿ ಸುತ್ತದೆ ಸಡಿಲವಾಗಿ ಮಡಚಿ, ಹೊಗೆ ತಾಗುವ ಅಟ್ಟದ ಮೂಲೆಯಲ್ಲಿ ಬಟ್ಟೆಯ ಚೀಲದೊಳಗಿಟ್ಟರೆ ನವೆಂಬರ್‌ವರೆಗೆ ಕೆಡದೆ ಉಳಿಯುತ್ತದೆ.